ಇಂಪಾಲಾ ಡಿಕ್ಕಿ ಒಳಗಿನ ಚುಕ್ಕಿ ಪೇಂಟ್ ಹೋಯಿತು, ಮತ್ತೆ ಹೊಡೆಸಬಹುದಾ?

ಗೋದಾಮಿನ ಗಾಡಿ, ಕಲಬುರಗಿ

ಎಲ್ಲರಿಗೂ ಶರಣು. ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ.

ನಮ್ಮ ಮನೆಯಲ್ಲಿ 1964ರ ಶೆವ್ರೊಲೆ ಇಂಪಾಲಾ ಇದೆ. ನಾಲ್ಕು ಬಾಗಿಲು, ಸ್ಟೇರಿಂಗ್ ಎಡಕ್ಕೆ, ಹಿಂದೆ ಆ ಕಡೆ ಮೂರು ಈ ಕಡೆ ಮೂರು ದುಂಡು ದೀಪ. ಮುತ್ಯಾ ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ತಂದದ್ದು. ದಾಲ್ ಮಿಲ್ ಚೆನ್ನಾಗಿ ನಡೆಯುತ್ತಿದ್ದ ಕಾಲ ಅದು. ಎಳ್ಳಮವಾಸ್ಯೆ ಬಂತೆಂದರೆ ಹೊಲಕ್ಕೆ ಹೋಗುವ ಸಾಮಾನೆಲ್ಲ ಇದರ ಡಿಕ್ಕಿಯಲ್ಲೇ. ಭಜ್ಜಿ ಪಲ್ಯ, ಸಜ್ಜೆ ಕಡುಬು, ರೊಟ್ಟಿ ಬುಟ್ಟಿ, ಅಂಬಲಿ ಗಡಿಗೆ ಎಲ್ಲ ಇಟ್ಟ ಮೇಲೂ ಇಬ್ಬರು ಹುಡುಗರು ಕೂರುವಷ್ಟು ಜಾಗ ಉಳಿಯುತ್ತಿತ್ತು. ಆ ಇಬ್ಬರಲ್ಲಿ ಒಬ್ಬ ನಾನು. ಒಂದು ಸಲ ಅಂಬಲಿ ಪೂರ್ತಿ ಚೆಲ್ಲಿ ಬೈಸಿಕೊಂಡದ್ದೂ ನಾನೇ.

ಮುತ್ಯಾ ಹೋದ ಮೇಲೆ ಗಾಡಿ ಮಿಲ್ಲಿನ ಗೋದಾಮಿನಲ್ಲಿ ತಾಡಪತ್ರಿ ಕೆಳಗೆ ಹತ್ತೊಂಬತ್ತು ವರ್ಷ ನಿಂತಿತ್ತು. ಹೋದ ವರ್ಷ ಇಂಜಿನ್ ಎಬ್ಬಿಸಿದೆವು. ಆಮೇಲೆ ಬಾಡಿ ಕೆಲಸಕ್ಕೆ ಇಲ್ಲೇ ಒಂದು ಗ್ಯಾರೇಜಿಗೆ ಬಿಟ್ಟೆ. "ಪೂರ್ತಿ ಪೇಂಟ್ ಮಾಡಿಬಿಡಿ" ಅಂದೆ. ತಪ್ಪಾದದ್ದು ಅಲ್ಲೇ. ಅವರು ನಿಜವಾಗಿಯೂ ಪೂರ್ತಿ ಮಾಡಿದರು. ಹೊರಗೆ ಹೊಡೆದ ತಿಳಿ ನೀಲಿಯನ್ನೇ ಡಿಕ್ಕಿ ಒಳಗೂ ಹೊಡೆದು ಮೇಲೆ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಲೇಪ) ಕೊಟ್ಟು, ಈಗ ಡಿಕ್ಕಿ ತೆಗೆದರೆ ಸ್ಟೀಲ್ ತಾಟಿನ ಹಾಗೆ ಮುಖ ಕಾಣುತ್ತದೆ.

ಮೊದಲು ಹಾಗಿರಲಿಲ್ಲ. ಬೂದು ಬಣ್ಣ ಇತ್ತು, ಅದರ ತುಂಬ ಬಿಳಿ ಚುಕ್ಕಿ. ಸಂಕ್ರಾಂತಿಗೆ ಎಳ್ಳು ಹಚ್ಚಿ ತಟ್ಟುವ ಸಜ್ಜೆ ರೊಟ್ಟಿ ನೋಡಿದ್ದೀರಲ್ಲ, ಸೇಮ್ ಹಾಗೆ. ಕೈಯಾಡಿಸಿದರೆ ಸ್ವಲ್ಪ ತರಿತರಿ, ಹೊಳಪು ಇಲ್ಲವೇ ಇಲ್ಲ. ಯಾರೋ ಸುಣ್ಣ ಸಿಡಿಸಿದ ಕಲೆ ಅಂತ ಚಿಕ್ಕಂದಿನಿಂದ ಅಂದುಕೊಂಡಿದ್ದೆ. ಹೋದ ತಿಂಗಳು ಅಮೆರಿಕದಲ್ಲಿರುವ ಇದೇ ವರ್ಷದ ಗಾಡಿಯ ಫೋಟೋ ನೋಡಿದೆ. ಅದರ ಡಿಕ್ಕಿಯಲ್ಲೂ ಅದೇ ಚುಕ್ಕಿ! ಅಂದರೆ ಅದು ಕಲೆ ಅಲ್ಲ, ಫ್ಯಾಕ್ಟರಿಯಿಂದಲೇ ಬಂದದ್ದು. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಬಾನೆಟ್ ಕೆಳಗೆ ಇಂಜಿನ್ ಹಿಂದಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್ ಮೇಲೆ ಇರುವ ತಗಡಿನ ಪಟ್ಟಿಯಲ್ಲಿ ಬಾಡಿ ಪೇಂಟಿನ ಕೋಡ್ ಇದೆ, ಒಳಗಿನ ಸೀಟು ಬಟ್ಟೆಯ ಕೋಡ್ ಇದೆ. ಡಿಕ್ಕಿ ಬಗ್ಗೆ ಏನೂ ಇಲ್ಲ. ಇದನ್ನು ನಮ್ಮ ಕಡೆ ಯಾರಾದರೂ ಮಾಡಿದ್ದೀರಾ? ಈಗಿನ ನೀಲಿಯನ್ನು ಪೂರ್ತಿ ತೆಗೆಯಬೇಕಾ, ಅದರ ಮೇಲೇ ಹೊಡೆಯಬಹುದಾ? ಎಡಗಡೆ ಮೂಲೆಯಲ್ಲಿ ಆಗಲೇ ಜಂಗು ಉಬ್ಬುತ್ತಿದೆ, ಹೊಸ ಪೇಂಟ್ ಆಗಿ ಐದು ತಿಂಗಳೂ ಆಗಿಲ್ಲ.

ಹಳೇ ಪದ್ಮಿನಿ, ಯಾದಗಿರಿ

ಅಣ್ಣಾ, ಡಿಕ್ಕಿ ಒಳಗೆ ಯಾರು ನೋಡುತ್ತಾರೆ? ಸ್ಟೆಪ್ನಿ ನೋಡುತ್ತದೆ, ಅಷ್ಟೇ 😄

ತಮಾಷೆ ಬಿಡಿ. ಗ್ಯಾರೇಜಿನವರ ಮೇಲೆ ಜಾಸ್ತಿ ಸಿಟ್ಟು ಮಾಡಿಕೊಳ್ಳಬೇಡಿ. ಅವರ ಕೈಗೆ ಬರುವುದು ನಮ್ಮಂಥವರ ಗಾಡಿ. ಕುರ್ಲಾದ ಪದ್ಮಿನಿ ಇರಲಿ, ಉತ್ತರಪಾರಾದ ಅಂಬಾಸಡರ್ ಇರಲಿ, ಡಿಕ್ಕಿ ಒಳಗೂ ಬಾಡಿ ಬಣ್ಣವೇ, ಮೇಲೊಂದು ರಬ್ಬರ್ ಮ್ಯಾಟ್. ನಲವತ್ತು ವರ್ಷ ಅದನ್ನೇ ಮಾಡಿದ ಮಿಸ್ತ್ರಿಗೆ ಚುಕ್ಕಿ ಕಂಡರೆ ಅದು ರೋಗ ಅಂತಲೇ ಅನಿಸುತ್ತದೆ. ಚುಕ್ಕಿ ಪೇಂಟ್ ಹೊಡೆಯುವುದು ನನಗೆ ಗೊತ್ತಿಲ್ಲ. ಹುಮನಾಬಾದಿನ ಕಾಕಾ ಒಬ್ಬರು ಇಲ್ಲಿ ಬರೆಯುತ್ತಿರುತ್ತಾರೆ, ಸೌದಿಯಲ್ಲಿ ಇದ್ದವರು. ಅವರು ಬರುವ ತನಕ ಏನನ್ನೂ ತಿಕ್ಕಬೇಡಿ.

ದಮ್ಮಾಮ್ ಪೇಂಟರ್, ಹುಮನಾಬಾದ್

ಬಂದೆ ಬಂದೆ. ಯಾದಗಿರಿ ತಮ್ಮ ಹೇಳಿದ್ದು ಸರಿ ಇದೆ, ತಿಕ್ಕಬೇಡಿ.

ನಾನು ದಮ್ಮಾಮ್‌ನಲ್ಲಿ 11 ವರ್ಷ ಡೆಂಟಿಂಗ್ ಪೇಂಟಿಂಗ್ ಮಾಡಿದವನು. ಅಲ್ಲಿ ಹಳೇ ಅಮೆರಿಕನ್ ಗಾಡಿ ಬಹಳ. ಈ ಡಿಕ್ಕಿ ಪೇಂಟಿಗೆ ಅಂಗಡಿಯಲ್ಲಿ ಸ್ಪ್ಯಾಟರ್ ಅನ್ನುತ್ತಾರೆ. ಜನರಲ್ ಮೋಟರ್ಸ್ ಗಾಡಿಗಳಲ್ಲಿ ಜಾಸ್ತಿ ಸಿಗುವುದು ಎರಡು ಜೋಡಿ. ಒಂದು ಬೂದು-ಬಿಳಿ. ಇನ್ನೊಂದು ಕಪ್ಪು ಮತ್ತು ಆಕ್ವಾ, ಅಂದರೆ ಕಪ್ಪಿನಲ್ಲಿ ಹಸಿರು-ನೀಲಿ ಕಣ. ಯಾವ ವರ್ಷಕ್ಕೆ ಯಾವುದು ಅಂತ ಜನ ಪಟ್ಟಿ ಮಾಡಿ ಹಾಕಿರುತ್ತಾರೆ. ನಾನು ಪಟ್ಟಿ ನಂಬುವುದಿಲ್ಲ. ನಿಮ್ಮ ಗಾಡಿ ಏನು ಹೇಳುತ್ತದೋ ಅದೇ ಸಾಕ್ಷಿ. ನಿಮಗೆ ಬೂದು-ಬಿಳಿ ನೆನಪಿದೆ, ಸಜ್ಜೆ ರೊಟ್ಟಿ ಲೆಕ್ಕ ಸರಿಯಾಗಿಯೇ ಇದೆ. ಆದರೆ ನೆನಪು ಬೇರೆ, ಅಳತೆ ಬೇರೆ. ಚುಕ್ಕಿ ಎಷ್ಟು ದೊಡ್ಡದು, ಎಷ್ಟು ದಟ್ಟ, ಬೂದು ಎಷ್ಟು ಗಾಢ, ಇದೆಲ್ಲ ಬೇಕಲ್ಲ.

ಕಂಪನಿಯವರು ಯಾಕೆ ಇದನ್ನು ಹೊಡೆದರು ಅಂತ ತಿಳಿದರೆ ಹೇಗೆ ಹೊಡೆಯಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಡಿಕ್ಕಿ ಅಂದರೆ ಒಳಗೆಲ್ಲ ವೆಲ್ಡಿಂಗ್ ಗುರುತು, ಜೋಡಣೆಗೆ ಮೆತ್ತಿದ ಸೀಲರ್, ತಗಡಿನ ಸೊಟ್ಟ. ಒಂದೇ ಬಣ್ಣ ಹೊಡೆದರೆ, ಅದೂ ಹೊಳಪಿನದು ಹೊಡೆದರೆ, ಅದೆಲ್ಲ ಎದ್ದು ಕಾಣುತ್ತದೆ. ಚುಕ್ಕಿ ಇದ್ದರೆ ಕಣ್ಣು ಒಂದು ಕಡೆ ನಿಲ್ಲುವುದಿಲ್ಲ. ಮಣ್ಣು, ಗೀರು, ಎಣ್ಣೆ ಕಲೆ, ನಿಮ್ಮ ಅಂಬಲಿ, ಎಲ್ಲ ಅದರಲ್ಲೇ ಮುಚ್ಚಿಹೋಗುತ್ತದೆ. ಅಲ್ಲಿ ಪುಟ್ಟಿ ಹಾಕಿ ತಿಕ್ಕುವ ಕೆಲಸ ಯಾರೂ ಮಾಡಲಿಲ್ಲ. ಲೈನಿನಲ್ಲಿ ಗಾಡಿ ಬಂತು, ಒಬ್ಬ ಗನ್ ಹಿಡಿದು ಡಿಕ್ಕಿಗೆ ಬಗ್ಗಿದ, ಸರ್ ಸರ್ ಅಂತ ಸುತ್ತ ಬೀಸಿದ, ಮುಂದಿನ ಗಾಡಿ. ಆದ್ದರಿಂದ ಅಸಲಿ ಕೆಲಸ ಯಾವತ್ತೂ ಒಂದೇ ಸಮ ಇರುವುದಿಲ್ಲ. ನೆಲದ ಮೇಲೆ ದಟ್ಟ. ಮೂಲೆಗಳಲ್ಲಿ, ಹಿಂದಿನ ಸೀಟಿನ ಬೆನ್ನಿನ ಹತ್ತಿರ, ಹಿಂದಿನ ಗಾಜಿನ ಕೆಳಗಿನ ಶೆಲ್ಫಿನ ಅಡಿಗೆ ಹೋಗುತ್ತ ಹೋಗುತ್ತ ತೆಳುವಾಗಿ, ಕೆಳಗಿನ ಪ್ರೈಮರ್ ಅಥವಾ ಬಾಡಿ ಬಣ್ಣದ ಧೂಳು ಕಾಣುತ್ತಿರುತ್ತದೆ.

ಈಗ ಗುರುತು ಹುಡುಕುವ ಕೆಲಸ. ಗ್ಯಾರೇಜಿನವರು ಎಷ್ಟೇ ಪೂರ್ತಿ ಮಾಡಿದರೂ ಬಿಚ್ಚದೆ ಬಿಟ್ಟ ಜಾಗ ಇರುತ್ತದೆ. ಜಾಕ್ ಹಿಡಿಯುವ ಬ್ರಾಕೆಟ್ ಬಿಚ್ಚಿ ಅದರ ಹಿಂದೆ ನೋಡಿ. ಹಿಂದಿನ ದೀಪದ ಡಬ್ಬಿಗಳ ಅಂಚು, ವೈರ್ ಹಿಡಿಯುವ ಕ್ಲಿಪ್ ಅಡಿ, ಡಿಕ್ಕಿ ಹಿಂಜಿನ ತೋಳಿನ ಹಿಂದೆ. ಟಾರ್ಚ್ ಮತ್ತು ಸಣ್ಣ ಕನ್ನಡಿ ಹಿಡಿದು ಅಂಗಾತ ಮಲಗಿ ಶೆಲ್ಫಿನ ಅಡಿ ನೋಡಿ. ಅಂಗೈಯಷ್ಟು ಸಿಕ್ಕರೂ ಸಾಕು. ಸಿಕ್ಕರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಬೆಳಗಿನ ಬಿಸಿಲಲ್ಲಿ ಫೋಟೋ ತೆಗೆಯಿರಿ. ಟ್ಯೂಬ್‌ಲೈಟಿನಲ್ಲಿ ಬೇಡ, ಬೂದು ಬಣ್ಣ ಸುಳ್ಳು ಹೇಳುತ್ತದೆ. ಆ ಜಾಗವನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಬೇಡಿ, ಚುಕ್ಕಿ ಕರಗಿ ಕೆಸರಾಗುತ್ತದೆ. ಒದ್ದೆ ಬಟ್ಟೆ, ಸ್ವಲ್ಪ ಸೋಪು, ಸಾಕು.

ಬ್ರಾಕೆಟ್ ಹಿಂದೆ ಸಿಗದಿದ್ದರೆ ನೀಲಿಯ ಕೆಳಗೇ ಹುಡುಕಬೇಕು. 1000 ನಂಬರ್ ವಾಟರ್ ಪೇಪರ್ ತೊಗೊಂಡು ಬೆರಳಷ್ಟು ಜಾಗದಲ್ಲಿ ನಿಧಾನ ತಿಕ್ಕಿ. ಕ್ಲಿಯರ್, ನೀಲಿ, ಪ್ರೈಮರ್, ಆಮೇಲೆ ಅವರು ತಿಕ್ಕಿ ಉಳಿಸಿದ ಚುಕ್ಕಿ. ಈರುಳ್ಳಿ ಪದರದ ಹಾಗೆ ಒಂದೊಂದೇ ಕಾಣುತ್ತದೆ.

ಜಂಗಿನ ವಿಷಯ ಇನ್ನೂ ಮುಖ್ಯ. ಈ ಗಾಡಿಗಳಲ್ಲಿ ಹಿಂದಿನ ಗಾಜಿನ ಕೆಳ ಅಂಚು ಕೊಳೆತು ನೀರು ಒಳಗಿಂದ ಇಳಿದು ಡಿಕ್ಕಿ ಮೂಲೆಗೆ ಬಂದು ನಿಲ್ಲುತ್ತದೆ. ಹೊಸ ಪೇಂಟ್ ಐದು ತಿಂಗಳಲ್ಲಿ ಉಬ್ಬಿದೆ ಅಂದರೆ ಗ್ಯಾರಂಟಿ ಅದೇ. ಒಬ್ಬರು ಹೊರಗಿನಿಂದ ಗಾಜಿನ ಮೇಲೆ ಪೈಪಿನಲ್ಲಿ ನೀರು ಬಿಡಿ, ಒಬ್ಬರು ಟಾರ್ಚ್ ಹಿಡಿದು ಡಿಕ್ಕಿಯಲ್ಲಿ ಕೂರಿ. ಮೊದಲು ನೀರು ನಿಲ್ಲಿಸಿ, ಆಮೇಲೆ ಬಣ್ಣದ ಮಾತು.

ಗೋದಾಮಿನ ಗಾಡಿ, ಕಲಬುರಗಿ

ಕಾಕಾ, ನಿಮಗೆ ದೊಡ್ಡ ಶರಣು. ಜಾಕ್ ಬ್ರಾಕೆಟ್ ಹಿಂದೆ ಸಿಕ್ಕಿತು! ಅಂಗೈಗಿಂತ ಸ್ವಲ್ಪ ಸಣ್ಣದು. ಬೂದು ನಾನು ಅಂದುಕೊಂಡದ್ದಕ್ಕಿಂತ ಗಾಢ, ಮಳೆಯಲ್ಲಿ ನೆನೆದ ಶಹಾಬಾದ್ ಕಲ್ಲಿನ ಬಣ್ಣ. ಬಿಳಿ ಚುಕ್ಕಿ ದುಂಡಗಿಲ್ಲ. ಕೆಲವು ಎಳ್ಳಿನಷ್ಟು, ಕೆಲವು ಸಾಸಿವೆಗಿಂತ ಸಣ್ಣ, ನಡುವೆ ಅಲ್ಲಲ್ಲಿ ಉದ್ದ ಎಳೆದ ಹಾಗೆ.

ನೀರಿನ ಪರೀಕ್ಷೆಯೂ ಆಯಿತು. ತಮ್ಮನ ಮಗ ಡಿಕ್ಕಿಯಲ್ಲಿ ಕೂತಿದ್ದ. ಎರಡು ನಿಮಿಷಕ್ಕೆ "ದೊಡ್ಡಪ್ಪಾ, ಮಳೆ" ಅಂತ ಕೂಗಿದ. ನೀವು ಹೇಳಿದ ಮೂಲೆಯೇ. ಗಾಜು ಇಳಿಸಿ ಅಂಚಿಗೆ ತಗಡು ಕೂರಿಸುವ ಕೆಲಸ ನಡೆದಿದೆ.

ಈಗ ಪೇಂಟ್ ಎಲ್ಲಿಂದ? ಮತ್ತು ಒಂದೇ ಗನ್ನಿನಿಂದ ಎರಡು ಬಣ್ಣ ಬೆರೆಯದೆ ಹೇಗೆ ಹೊರಗೆ ಬರುತ್ತದೆ ಅನ್ನುವುದು ನನಗೆ ಇನ್ನೂ ಅರ್ಥವಾಗಿಲ್ಲ.

ಕೆಮಿಸ್ಟ್ರಿ ಮೇಷ್ಟ್ರು, ಬೀದರ್

ಇದು ನನ್ನ ವಿಷಯ, ಹಾಗಾಗಿ ಸುಮ್ನೆ ಇರಲಾರೆ. ಗಾಡಿ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಸ್ಕೂಟರ್ ಓಡಿಸುವವನು.

ಅವ್ವ ಮೊಸರು ಕಡೆಯುವಾಗ ನೋಡಿ. ಒಂದು ಹಂತದಲ್ಲಿ ಬೆಣ್ಣೆ ಸಣ್ಣ ಸಣ್ಣ ಕಾಳಾಗಿ ಮಜ್ಜಿಗೆಯಲ್ಲಿ ತೇಲುತ್ತಿರುತ್ತದೆ. ಕಾಳು ಕಾಳಾಗಿಯೇ ಇರುತ್ತದೆ, ಮಜ್ಜಿಗೆಯಲ್ಲಿ ಕರಗುವುದಿಲ್ಲ. ಈ ಪೇಂಟ್ ಡಬ್ಬಿಯಲ್ಲಿ ಇರುವುದೂ ಅದೇ. ಮಜ್ಜಿಗೆಯ ಜಾಗದಲ್ಲಿ ನೀರು. ಬೆಣ್ಣೆಯ ಜಾಗದಲ್ಲಿ ಬಣ್ಣದ ಹನಿಗಳು, ಕೆಲವು ಬೂದು, ಕೆಲವು ಬಿಳಿ. ನೀರಿನಲ್ಲಿ ಅಂಟಿನಂಥ ಒಂದು ಪದಾರ್ಥ ಇರುತ್ತದೆ. ಅದು ಪ್ರತಿ ಹನಿಗೂ ತೆಳುವಾದ ಚರ್ಮ ಹೊದಿಸಿ, ಪಕ್ಕದ ಹನಿಗೆ ಸೇರಿಕೊಳ್ಳದಂತೆ ತಡೆಯುತ್ತದೆ. ಗನ್ನಿನಿಂದ ಹೊಡೆದಾಗ ಹನಿಗಳು ಹೋಗಿ ತಗಡಿಗೆ ಬಡಿದು ಚಪ್ಪಟೆಯಾಗುತ್ತವೆ, ನೀರು ಆರಿಹೋಗುತ್ತದೆ, ಹನಿಗಳು ಒಂದರ ಪಕ್ಕ ಒಂದು ಅಂಟಿಕೊಂಡು ಉಳಿಯುತ್ತವೆ. ಅಂದರೆ ಬೂದು ಬಣ್ಣದ ಮೇಲೆ ಬಿಳಿ ಸಿಡಿಸಿದ್ದಲ್ಲ. ಬೂದು ಕೂಡ ಚುಕ್ಕಿಯೇ, ಅದು ಜಾಸ್ತಿ ಇದೆ ಅಷ್ಟೇ. ನೀವು ಕಂಡ "ಉದ್ದ ಎಳೆದ" ಚುಕ್ಕಿ ಓರೆಯಾಗಿ ಬಡಿದ ಹನಿ ಇರಬೇಕು.

ಅಮೆರಿಕದಲ್ಲಿ ಜೊಲಾಟೋನ್ ಅನ್ನುವ ಬ್ರಾಂಡ್ ಎಷ್ಟು ಹೆಸರಾಯಿತೆಂದರೆ, ಯಾರು ಮಾಡಿದ್ದಾದರೂ ಈ ಜಾತಿಯ ಪೇಂಟಿಗೆ ಕೆಲವರು ಅದೇ ಹೆಸರು ಹೇಳುತ್ತಾರೆ, ನಾವು ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ.

ಇದು ಗೊತ್ತಾದರೆ ಮಾಡಬಾರದ್ದು ಏನು ಅಂತಲೂ ಗೊತ್ತಾಗುತ್ತದೆ. ಡಬ್ಬಿಯನ್ನು ಜೋರಾಗಿ ಅಲ್ಲಾಡಿಸಿದರೆ ಹನಿಗಳ ಚರ್ಮ ಹರಿದು ಎಲ್ಲ ಒಂದೇ ಬೂದು ಆಗುತ್ತದೆ. ಮರದ ಪಟ್ಟಿಯಿಂದ ನಿಧಾನ ತಿರುವಬೇಕು. ಥಿನ್ನರ್ ಹಾಕಿದರೆ ಕಥೆ ಮುಗಿಯಿತು. ಸಣ್ಣ ಜಾಲರಿಯಲ್ಲಿ ಸೋಸಿದರೆ ಚುಕ್ಕಿಯೇ ಜಾಲರಿಯಲ್ಲಿ ಉಳಿಯುತ್ತದೆ. ಗಾಳಿಯ ಒತ್ತಡ ಜಾಸ್ತಿ ಕೊಟ್ಟರೆ ಹನಿ ಒಡೆದು ಪುಡಿಯಾಗುತ್ತದೆ, ಕಡಿಮೆ ಕೊಟ್ಟರೆ ದೊಡ್ಡದಾಗಿ ಉಳಿಯುತ್ತದೆ.

ಒಂದು ಅಡ್ಡ ಮಾತು. ನಮ್ಮ ಬಿದ್ರಿ ಸಾಮಾನಿನಲ್ಲೂ ಇಂಥದೇ ಒಂದು ಚೆಂದ ಇದೆ. ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಹಚ್ಚಿದರೆ ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹಚ್ಚುವುದು ಎರಡಕ್ಕೂ ಒಂದೇ. ಯಾವುದು ತನ್ನ ಬಣ್ಣ ಬಿಡುವುದಿಲ್ಲವೋ ಅದೇ ಹೂವಾಗಿ ಕಾಣುತ್ತದೆ.

ಗೋಡೆ ಪೇಂಟರ್, ಶಹಾಬಾದ್

ಸರ್, ಗೋಡೆಗೆ ಗ್ರಾನೈಟ್ ಫಿನಿಶ್ ಅಂತ ಬರುತ್ತದಲ್ಲ, ಅದೂ ಹೀಗೇ ಚುಕ್ಕಿ ಚುಕ್ಕಿ. ನೀರಿನದೇ. ದೊಡ್ಡ ಬಾಯಿಯ ಗನ್ನಿನಲ್ಲಿ ಹೊಡೆಯುತ್ತೇವೆ. ನನ್ನ ಹತ್ತಿರ ಬಂಗಲೆ ಕೆಲಸದ್ದು ಅರ್ಧ ಡ್ರಮ್ ಉಳಿದಿದೆ, ಬೇಕಾದರೆ ಸುಮ್ನೆ ಕೊಡುತ್ತೇನೆ. ಅಮೆರಿಕದಿಂದ ಯಾಕೆ ತರಿಸುತ್ತೀರಿ?

ದಮ್ಮಾಮ್ ಪೇಂಟರ್, ಹುಮನಾಬಾದ್

ಶಹಾಬಾದ್ ತಮ್ಮ, ನಿನ್ನ ಮನಸ್ಸು ದೊಡ್ಡದು. ಆದರೆ ಅದರ ಕಣವೂ ದೊಡ್ಡದು. ಗೋಡೆಯನ್ನು ಹತ್ತು ಅಡಿ ದೂರ ನಿಂತು ನೋಡುತ್ತೇವೆ, ಡಿಕ್ಕಿಯನ್ನು ಬಗ್ಗಿ ನೋಡುತ್ತೇವೆ. ಅದನ್ನು ಹೊಡೆದರೆ ಡಿಕ್ಕಿ ಹೋಗಿ ಲಾಡ್ಜಿನ ಮೆಟ್ಟಿಲಾಗುತ್ತದೆ. ಮತ್ತೆ ಗೋಡೆ ಅಲ್ಲಾಡುವುದಿಲ್ಲ, ಅದರ ಮೇಲೆ ಯಾರೂ ಪೆಟ್ರೋಲ್ ಕ್ಯಾನ್ ಇಡುವುದಿಲ್ಲ. ಆದರೆ ನಿನ್ನ ಕೈ ಇವರಿಗೆ ಉಪಯೋಗ ಆಗುತ್ತದೆ. ನೀರಿನ ಪೇಂಟ್ ಹೊಡೆದು ರೂಢಿ ಇರುವವನು ನೀನು, ಗ್ಯಾರೇಜಿನವರಿಗೆ ಅದು ಬರುವುದಿಲ್ಲ.

ಗೋದಾಮಿನ ಅಣ್ಣ, ದಾರಿ ಎರಡಿವೆ. ರೆಡಿ ಬರುವ ಬೂದು-ಬಿಳಿಯನ್ನು ತರಿಸುವುದು ಒಂದು. ನೀರಿನದು, ಡಬ್ಬಿಯಲ್ಲಿ ಬರುವುದು ನೋಡಿ. ಒತ್ತುವ ಸ್ಪ್ರೇ ಡಬ್ಬಿಯೂ ಇದೆ, ಆದರೆ ಅದನ್ನು ವಿಮಾನದ ಬ್ಯಾಗಿನಲ್ಲಿ ತರಲು ಬಿಡುವುದಿಲ್ಲ, ತರುವವರಿಗೆ ಏರ್‌ಪೋರ್ಟಿನಲ್ಲಿ ತೊಂದರೆ. ಇನ್ನೊಂದು ದಾರಿ ಇಲ್ಲೇ ಮಾಡಿಕೊಳ್ಳುವುದು. ಹೊಳಪಿಲ್ಲದ ಬೂದು ಬಣ್ಣ ಹೊಡೆದು ಒಣಗಿಸಿ, ಆಮೇಲೆ ಗನ್ನಿನ ಗಾಳಿಯನ್ನು ಸಾಯುವಷ್ಟು ಇಳಿಸಿ ಬಿಳಿಯನ್ನು ಉಗುಳಿಸುವುದು. ಕೆಲವರು ಗಟ್ಟಿ ಬ್ರಷ್ ಅದ್ದಿ ಬೆರಳಿನಿಂದ ಸಿಡಿಸುತ್ತಾರೆ. ದೂರದಿಂದ ಚೆನ್ನಾಗೇ ಕಾಣುತ್ತದೆ. ಹತ್ತಿರದಿಂದ ಮೇಷ್ಟ್ರು ಹೇಳಿದ ವ್ಯತ್ಯಾಸ ಗೊತ್ತಾಗುತ್ತದೆ, ಬಿಳಿ ಮೇಲೆ ಕೂತಿರುತ್ತದೆ, ಒಳಗೆ ಸೇರಿರುವುದಿಲ್ಲ.

ಯಾವುದಾದರೂ ಸರಿ, ತಳ ಗಟ್ಟಿ ಇರಬೇಕು. ಉಬ್ಬಿದ ಕಡೆ ಬರೀ ತಗಡಿನ ತನಕ ಹೋಗಿ. ಜಂಗಿಗೆ ಆ್ಯಸಿಡ್ ಹಚ್ಚಿದರೆ ಪೂರ್ತಿ ತೊಳೆದು ಒಣಗಿಸಿ, ಅದರ ಶೇಷ ಉಳಿದರೆ ಮೇಲಿನ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ. ಬೋರಿನ ನೀರು ಬೇಡ, ನಮ್ಮ ಕಡೆ ನೀರಿನಲ್ಲಿ ಉಪ್ಪು ಜಾಸ್ತಿ. ಕೊನೆಯ ಸಲ ಬ್ಯಾಟರಿ ನೀರಿನಿಂದ ತೊಳೆಯಿರಿ. ನೀರಿನ ಪೇಂಟನ್ನು ಬರೀ ಕಬ್ಬಿಣದ ಮೇಲೆ ಹೊಡೆದರೆ ಕಣ್ಣೆದುರೇ ಕೆಂಪಾಗುತ್ತದೆ. ಉಳಿದ ನೀಲಿ ಗಟ್ಟಿಯಾಗಿ ಹಿಡಿದಿದ್ದರೆ ತೆಗೆಯುವುದು ಬೇಡ. 320 ಪೇಪರ್ ಹೊಡೆದು ಹೊಳಪು ಪೂರ್ತಿ ಸಾಯಿಸಿ, ಪ್ರೈಮರ್ ಕೊಟ್ಟು ಮುಂದೆ ಹೋಗಿ.

ಗನ್ನಿಗೆ 2 ಎಂಎಂ ಅಥವಾ ಅದಕ್ಕಿಂತ ದೊಡ್ಡ ನಾಜಲ್, ಒಳಗಿನ ಜಾಲರಿ ತೆಗೆದುಬಿಡಿ. ನಾನು ಗಾಳಿಯ ಒತ್ತಡವನ್ನು 20 ಪಿಎಸ್‌ಐ ಹತ್ತಿರ ಶುರು ಮಾಡಿ ಚುಕ್ಕಿ ನೋಡಿ ಇಳಿಸುತ್ತೇನೆ. ಮೊದಲು ಹಳೇ ತಗಡಿನ ಮೇಲೆ. ಒಂದಲ್ಲ, ಹತ್ತು ತಗಡು ಹಾಳು ಮಾಡಿ. ಮತ್ತು ದಯವಿಟ್ಟು ಚೆಂದ ಮಾಡಲು ಹೋಗಬೇಡಿ. ನಮ್ಮ ಕೈಗೆ ಅದೇ ಕಷ್ಟ. ದಮ್ಮಾಮ್‌ನಲ್ಲಿ ನಾನು ಮಾಡಿದ ಮೊದಲ ಡಿಕ್ಕಿ ಎಷ್ಟು ಸಮ ಇತ್ತೆಂದರೆ, ಮಾಲೀಕ ನೋಡಿ "ಇದು ಬಾತ್‌ರೂಮ್ ಟೈಲ್ಸ್" ಅಂದ. ಮತ್ತೆ ಹೊಡೆದುಕೊಟ್ಟೆ.

ಗೋದಾಮಿನ ಗಾಡಿ, ಕಲಬುರಗಿ

ಏನಾಯಿತು ಅಂತ ಬರೆಯಲು ಏಳು ವಾರ ಬೇಕಾಯಿತು.

ಮೊದಲು ಇಲ್ಲೇ ಮಾಡುವ ದಾರಿ ಹಿಡಿದೆ. ಎಣ್ಣೆ ಡಬ್ಬಿ ಕತ್ತರಿಸಿ ತಗಡು ಮಾಡಿಕೊಂಡೆವು. ಶಹಾಬಾದ್ ತಮ್ಮ ಎರಡು ಭಾನುವಾರ ಬಂದು ನಿಂತ, ಅವನ ಋಣ ದೊಡ್ಡದು. ಏಪ್ರಿಲ್ ಮಧ್ಯಾಹ್ನ ಹೊಡೆಯಲು ಹೋದದ್ದು ನನ್ನ ಹುಚ್ಚು. ನೆರಳಲ್ಲೇ 42 ಡಿಗ್ರಿ. ಹನಿ ತಗಡು ಮುಟ್ಟುವ ಮೊದಲೇ ದಾರಿಯಲ್ಲಿ ಒಣಗುತ್ತಿತ್ತು. ಕೈಯಿಟ್ಟರೆ ವಾಟರ್ ಪೇಪರ್ ಮುಟ್ಟಿದ ಹಾಗೆ. ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಎಂಟಕ್ಕೆ ನಿಲ್ಲಿಸಿದೆವು. ಐದನೇ ತಗಡು ಫೋಟೋದಲ್ಲಿ ಅಸಲಿಯ ಹಾಗೇ ಇತ್ತು. ಆದರೆ ಜಾಕ್ ಬ್ರಾಕೆಟ್ ಪಕ್ಕ ಹಿಡಿದರೆ ಸುಳ್ಳು ಎದ್ದು ಕಂಡಿತು. ಬಿಳಿ ಚುಕ್ಕಿ ಗೋಡೆಯ ಮೇಲೆ ಕೂತ ಸೊಳ್ಳೆಯ ಹಾಗೆ, ಉಜ್ಜಿದರೆ ಏಳುತ್ತದೇನೋ ಅನ್ನುವ ಹಾಗೆ. ಒಮ್ಮೆ ಕಂಡ ಮೇಲೆ ಕಣ್ಣಿಗೆ ಅದೇ.

ಕೊನೆಗೆ ರೆಡಿ ಡಬ್ಬಿಯನ್ನೇ ತರಿಸಿದೆ. ಡಬ್ಬಿಯ ಬೆಲೆಗಿಂತ ಸಾಗಣೆ ಮತ್ತು ಕಸ್ಟಮ್ಸ್ ಜಾಸ್ತಿ, ಅಂಕಿ ಹೇಳುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ. ಮುಚ್ಚಳ ತೆಗೆದರೆ ಮೇಷ್ಟ್ರ ಮಜ್ಜಿಗೆ ನೆನಪಾಯಿತು. ನಿಜವಾಗಿಯೂ ಕಾಳು ಕಾಳು. ಗ್ಯಾರೇಜಿನ ಹುಡುಗ ರೂಢಿಯಲ್ಲಿ ಡಬ್ಬಿ ಎತ್ತಿ ಅಲ್ಲಾಡಿಸಲು ಹೋದ, ನಾನು ಕೂಗಿದ ಕೂಗಿಗೆ ಓಣಿಯ ನಾಯಿ ಎದ್ದವು.

ಹೊಸ ಡಬ್ಬಿಯ ಬೂದು ನಮ್ಮದಕ್ಕಿಂತ ಒಂದು ಎಳೆ ತಿಳಿ ಇದೆ. ಅರವತ್ತು ವರ್ಷದ ಕೊಳೆ ಮತ್ತು ಮಾಸಿದ್ದೂ ಸೇರಿ ಹಳೆಯದು ಗಾಢ ಕಾಣುತ್ತಿರಬಹುದು, ಹಾಗಾಗಿ ಅದಕ್ಕೆ ಕೈ ಹಚ್ಚಲಿಲ್ಲ. 20ರಲ್ಲಿ ಚುಕ್ಕಿ ಸಣ್ಣ ಬಂತು. 14ಕ್ಕೆ ಇಳಿಸಿದಾಗ ಸರಿ ಹೋಯಿತು. ಮೊದಲು ತೆಳುವಾಗಿ ಒಂದು ಸುತ್ತು, ಕೈಗೆ ಅಂಟದಷ್ಟು ಆರಿದ ಮೇಲೆ ಇನ್ನೊಂದು. ಚಕ್ರದ ಮೇಲಿನ ಉಬ್ಬಿನ ನೆಟ್ಟಗಿನ ಬದಿಯಲ್ಲಿ ಒಂದು ಕಡೆ ದಪ್ಪ ಬಿದ್ದು ಜಾರಿತು. ಒರೆಸೋಣ ಅಂದರೆ ಶಹಾಬಾದ್ ತಮ್ಮ ಬೇಡ ಅಂದ, ಈಗ ನೋಡಿದರೆ ಅಷ್ಟು ಕಾಣುವುದೂ ಇಲ್ಲ. ಕಾಕಾ ಹೇಳಿದ ಹಾಗೆ ಶೆಲ್ಫಿನ ಅಡಿಗೆ ಹೋಗುತ್ತ ತೆಳುವಾಗಿ ಬಿಟ್ಟೆವು. ಡಿಕ್ಕಿ ಬಾಗಿಲಿನ ಒಳಮೈ ಮತ್ತು ರಬ್ಬರ್ ಕೂರುವ ಸುತ್ತಿನ ಕಾಲುವೆ ಬಾಡಿ ಬಣ್ಣದಲ್ಲೇ ಇವೆ. ಅಂಚಿಗೆ ಟೇಪ್ ಹಚ್ಚಿ ಗೆರೆ ಹೊಡೆದಂತೆ ಮಾಡಲಿಲ್ಲ, ರಟ್ಟು ಅಡ್ಡ ಹಿಡಿದೆವು, ಸ್ವಲ್ಪ ಸಿಡಿದಿದೆ. ಗ್ಯಾರೇಜಿನ ಮಿಸ್ತ್ರಿಗೆ ಆ ಸಿಡಿತ ನೋಡಲಾಗದೆ ಮೂರು ಸಲ ಪಾಲಿಶ್ ಬಟ್ಟೆ ತಂದರು. ಮೂರು ಸಲ ಚಹಾ ಕುಡಿಸಿ ವಾಪಸ್ ಕಳಿಸಿದೆ.

ಜಾಕ್ ಬ್ರಾಕೆಟ್ ಹಿಂದಿನ ಅಂಗೈ ಜಾಗವನ್ನು ಟೇಪ್ ಮುಚ್ಚಿ ಹಾಗೇ ಉಳಿಸಿದ್ದೇನೆ. ಮೇಲೆ ಬ್ರಾಕೆಟ್ ಕೂತಿದೆ.

ಅವ್ವ ಬಂದು ನೋಡಿದಳು. "ಅಷ್ಟು ಚೊಕ್ಕ ನೀಲಿ ಇತ್ತು, ರೊಕ್ಕ ಕೊಟ್ಟು ಹಕ್ಕಿ ಹಿಕ್ಕೆ ಹಾಕಿಸಿದೆಯಾ" ಅಂದಳು. ಆಮೇಲೆ ಒಂದು ಗಳಿಗೆ ಸುಮ್ನೆ ನಿಂತು, "ನಿಮ್ಮ ಮುತ್ಯಾ ಇಲ್ಲೇ ಗಡಿಗೆ ಇಡುತ್ತಿದ್ದರು" ಅಂತ ಬಲಗಡೆ ಮೂಲೆ ತೋರಿಸಿದಳು. ನನ್ನ ನೆನಪಿನಲ್ಲಿ ಗಡಿಗೆ ಎಡಕ್ಕಿತ್ತು.

ಎರಡು ಪ್ರಶ್ನೆ ಉಳಿದಿವೆ. ಮೇಲೆ ಮ್ಯಾಟ್ (ಹೊಳಪಿಲ್ಲದ) ಕ್ಲಿಯರ್ ಹೊಡೆಯಬೇಕಾ? ಮತ್ತು ಮಿರಗ (ಮೃಗಶಿರಾ ಮಳೆ) ಕೂಡುವುದರೊಳಗೆ ಗಾಡಿ ಹೊರಗೆ ತೆಗೆಯಬಹುದಾ?

ದಮ್ಮಾಮ್ ಪೇಂಟರ್, ಹುಮನಾಬಾದ್

ಫೋಟೋ ನೋಡಿದೆ. ಆ ಜಾರಿದ ಜಾಗ ಬಹಳ ಇಷ್ಟವಾಯಿತು, ಮುಟ್ಟಬೇಡಿ.

ಕ್ಲಿಯರ್ ಕಂಪನಿಯಲ್ಲಿ ಇರಲಿಲ್ಲ. ಅಸಲಿ ಬೇಕೆಂದರೆ ಬೇಡ. ಸಾಮಾನು ಜಾಸ್ತಿ ಹಾಕುತ್ತೀರಿ, ಅಂಬಲಿ ಭಯ ಇದೆ ಅಂದರೆ ಪೂರ್ತಿ ಮ್ಯಾಟ್ ಇರುವುದನ್ನು ಹೊಡೆಯಿರಿ. ಆದರೆ ಮೊದಲ ಸುತ್ತು ಮಂಜಿನಷ್ಟು ತೆಳು ಇರಲಿ. ಒಂದೇ ಸಲ ಒದ್ದೆಯಾಗಿ ಹೊಡೆದರೆ ಅದರ ಥಿನ್ನರ್ ಚುಕ್ಕಿಗಳನ್ನು ಕರಗಿಸಿ ಎಳೆಯುತ್ತದೆ. ಆ ಹತ್ತು ತಗಡುಗಳಲ್ಲಿ ಒಂದಾದರೂ ಉಳಿದಿದ್ದರೆ ಅದರ ಮೇಲೆ ನೋಡಿಕೊಳ್ಳಿ.

ಮೇಲೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ದಿನ ಬೇಕು. ಒಂದು ವಾರ ಡಿಕ್ಕಿ ತೆರೆದಿಡಿ, ನೀರು ಸೋಕಿಸಬೇಡಿ, ಮ್ಯಾಟ್ ಹಾಸಬೇಡಿ. ಮಿರಗಕ್ಕೆ ಇನ್ನೂ ಹನ್ನೆರಡು ದಿನ ಇದೆ, ಸಾಕು.

ಹಳೇ ಪದ್ಮಿನಿ, ಯಾದಗಿರಿ

ಅಣ್ಣಾ, ಡಬ್ಬಿಯಲ್ಲಿ ಸ್ವಲ್ಪ ಉಳಿದಿದ್ದರೆ ಹೇಳಿ. ಪದ್ಮಿನಿಗೆ ಅಲ್ಲ, ಬೈಬೇಡಿ. ಮನೆಯಲ್ಲಿ ಒಂದು ಹಳೇ ತಗಡಿನ ಟ್ರಂಕ್ ಇದೆ, ಜಂಗು ಹಿಡಿದಿದೆ.